ಬಾಲವನದ ಪಾಠ ಮತ್ತು ಬೀಗ ಬಿದ್ದ ಶಾಲೆ

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಕಲಿಸುವ ಪದ್ಧತಿಯನ್ನು ನಗರದ ಸುಶಿಕ್ಷಿತ ವರ್ಗ ಇಂದು ತನ್ನ ಹೊಸ ಶೋಧವೆಂಬಂತೆ ಹೇಳಿಕೊಳ್ಳುತ್ತಿದೆ. ಮಲೆನಾಡಿನಲ್ಲಿ ತೋಟ ಕೊಂಡು ನೆಲೆಸಿದ ಕೆಲವು ಕುಟುಂಬಗಳೂ ಈ ಹಾದಿ ಹಿಡಿದಿವೆ. ಅದೇ ಹೊತ್ತಿನಲ್ಲಿ, ಅದೇ ಮಲೆನಾಡಿನ ಹಳ್ಳಿಗಳಲ್ಲಿ, ಮಕ್ಕಳ ಸಂಖ್ಯೆ ಸಾಲದೆಂಬ ಕಾರಣ ಹೇಳಿ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳ ಬಾಗಿಲು ಮುಚ್ಚಲಾಗುತ್ತಿದೆ. ಒಂದು ಕಡೆ ಶಾಲೆ ಬೇಡವೆಂದವರ ಮಕ್ಕಳು; ಇನ್ನೊಂದು ಕಡೆ ಶಾಲೆಗೇ ಬೇಡವಾದ ಮಕ್ಕಳು. ಇಬ್ಬರೂ ಬೆಳಗಿನ ಹತ್ತು ಗಂಟೆಗೆ ಮನೆಯಲ್ಲಿಯೇ ಇರಬಹುದು. ಆದರೆ ಇಬ್ಬರದೂ ಒಂದೇ ಸ್ಥಿತಿಯೆಂದು ಹೇಳುವವರು ಒಂದೋ ಕುರುಡರು, ಇಲ್ಲವೇ ಕಪಟಿಗಳು.

ಮನೆಯಲ್ಲಿ ಕಲಿಸುವುದು ತಪ್ಪೆಂದು ವಾದಿಸುವುದು ಇಲ್ಲಿನ ಉದ್ದೇಶವಲ್ಲ. ಮನೆ, ತೋಟ, ಕಾಡು ಇವೆಲ್ಲ ಕಲಿಸುತ್ತವೆ ಎಂಬ ಮಾತಿಗೆ ಕನ್ನಡ ನಾಡಿನಲ್ಲಿಯೇ ಬಹು ದೊಡ್ಡ ಸಾಕ್ಷ್ಯವಿದೆ. ಆ ಸಾಕ್ಷ್ಯವನ್ನು ಸರಿಯಾಗಿ ಓದಿಕೊಂಡರೆ ಅದು ಶಾಲೆಯನ್ನು ಬಿಟ್ಟೋಡಲು ಹೇಳುವುದಿಲ್ಲ. ಹಳ್ಳಿಯ ಶಾಲೆ ಹೇಗಿರಬೇಕೆಂಬುದನ್ನು ಹೇಳುತ್ತದೆ.

ಪುತ್ತೂರಿನ ಒಂದು ಮನೆ

1902ರಲ್ಲಿ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಗಾಂಧೀಜಿಯ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟವರು. ಮುಂದೆ ಪಶ್ಚಿಮ ಘಟ್ಟದ ಬುಡದ ಪುತ್ತೂರಿನಲ್ಲಿ ನೆಲೆ ನಿಂತು, ಸುಮಾರು ನಾಲ್ಕು ದಶಕಗಳ ಕಾಲ ಅಲ್ಲಿ ಬಾಳಿದರು. ಅವರ ಮನೆಯಿದ್ದ ಗುಡ್ಡಕ್ಕೆ ಬಾಲವನ ಎಂಬ ಹೆಸರು ಬಂದದ್ದೇ ಮಕ್ಕಳ ಕಲಿಕೆಗಾಗಿ ಅವರು ಅಲ್ಲಿ ನಡೆಸಿದ ಪ್ರಯೋಗಗಳಿಂದ. ಆಟ, ನೃತ್ಯ, ನಾಟಕ, ಚಿತ್ರ, ಪ್ರಕೃತಿಯ ವೀಕ್ಷಣೆ ಇವುಗಳ ಮೂಲಕ ಮಗು ಅರಳಬೇಕೆಂಬುದು ಅವರ ನಿಲುವು. ಬಾಯಿಪಾಠದ ಶಾಲೆ ಮಗುವಿನ ಕುತೂಹಲವನ್ನು ಕೊಲ್ಲುತ್ತದೆಂದು ಅವರು ದೃಢವಾಗಿ ನಂಬಿದ್ದರು.

ಊರವರ ಮಕ್ಕಳಿಗೆ ಒಂದು ಮಾತು, ತಮ್ಮ ಮಕ್ಕಳಿಗೆ ಇನ್ನೊಂದು ಮಾತು ಎಂಬ ಇಬ್ಬಂದಿತನ ಅವರಲ್ಲಿರಲಿಲ್ಲ. 1936ರಲ್ಲಿ, ಜಾತಿಯ ಕಟ್ಟು ಮೀರಿ, ಲೀಲಾ ಅವರನ್ನು ಮದುವೆಯಾದ ಕಾರಂತರು ತಮ್ಮ ಮಕ್ಕಳನ್ನು ಎಳೆವಯಸ್ಸಿನಲ್ಲಿ ಶಾಲೆಗೆ ಸೇರಿಸದೆ ಮನೆಯಲ್ಲಿಯೇ ಕಲಿಯಲು ಬಿಟ್ಟರು. ಬಾಲ್ಯದ ಹಲವು ವರ್ಷ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದೆ ಬೆಳೆದ ಈ ಮಕ್ಕಳ ಪೈಕಿ ಮಾಳವಿಕಾ ಕಪೂರ್ ಮುಂದೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿ, ಮಕ್ಕಳ ಮಾನಸಿಕ ಆರೋಗ್ಯದ ಕ್ಷೇತ್ರದಲ್ಲಿ ದುಡಿದರು. ಉಲ್ಲಾಸ ಕಾರಂತರು ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿ, ಅದನ್ನು ಬದಿಗಿಟ್ಟು ವನ್ಯಜೀವಿ ವಿಜ್ಞಾನದತ್ತ ಹೊರಳಿದರು. ನಾಗರಹೊಳೆಯಲ್ಲಿ ಹುಲಿಗಳ ಕುರಿತು ಅವರು ನಡೆಸಿದ ಅಧ್ಯಯನ ಜಗತ್ತಿನ ಗಮನ ಸೆಳೆಯಿತು. 2012ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಸಂದಿತು. ಅಭಯಾರಣ್ಯಗಳಿಂದ ಜನರನ್ನು ಪುನರ್ವಸತಿಗೊಳಿಸುವ ಕುರಿತ ಅವರ ನಿಲುವನ್ನು ಒಪ್ಪುವವರೂ ಮಲೆನಾಡಿನಲ್ಲಿದ್ದಾರೆ, ಕಟುವಾಗಿ ವಿರೋಧಿಸುವವರೂ ಇದ್ದಾರೆ. ಆ ಜಗಳ ಬೇರೆ. ಕಾಡನ್ನು ಕಣ್ಣಿಟ್ಟು ನೋಡುವ ಅಭ್ಯಾಸ ಆ ಮನೆಯ ಅಂಗಳದಲ್ಲಿಯೇ ಬೆಳೆಯಿತೆಂಬುದರಲ್ಲಿ ಜಗಳವಿಲ್ಲ. ತಂದೆಯೊಂದಿಗೆ ಬೆಳೆದ ಆ ದಿನಗಳನ್ನು ಕುರಿತು ಮಾಳವಿಕಾ, ಉಲ್ಲಾಸ, ಕ್ಷಮಾ ಈ ಮೂವರೂ ಸೇರಿ ಬರೆದ ಇಂಗ್ಲಿಷ್ ನೆನಪಿನ ಪುಸ್ತಕ 2021ರಲ್ಲಿ ಪ್ರಕಟವಾಗಿದೆ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. "ನೋಡಿ, ಶಾಲೆಗೆ ಹೋಗದೆಯೂ ದೊಡ್ಡವರಾದರು" ಎಂದು ಸಮಾಧಾನಪಡುತ್ತಾರೆ. ಶಾಲೆಗೆ ಹೋಗದ್ದರಿಂದಲೇ ದೊಡ್ಡವರಾದರು ಎಂದು ಹಿಗ್ಗುವವರೂ ಉಂಟು. ಇದು ಅರ್ಧ ಓದು. ಶಾಲೆ ಇಲ್ಲದಿದ್ದದ್ದು ಆ ಮಕ್ಕಳನ್ನು ಬೆಳೆಸಲಿಲ್ಲ. ಶಾಲೆಯ ಬದಲಿಗೆ ಅಲ್ಲಿ ಇದ್ದದ್ದು ಬೆಳೆಸಿತು. ಅದೇನೆಂದು ಕೇಳದೆ ಈ ಕಥೆಯಿಂದ ಪಾಠ ಕಲಿಯಲಾಗದು.

ಆ ಮನೆಯಲ್ಲಿ ಇದ್ದದ್ದೇನು

ಮೊದಲನೆಯದಾಗಿ, ಆ ಮನೆಯಲ್ಲಿ ಕಲಿಯುವ ಹಿರಿಯರಿದ್ದರು. ಕಾರಂತರು ಕಾದಂಬರಿ ಬರೆಯುತ್ತಿದ್ದರು, ನಿಘಂಟು ರಚಿಸುತ್ತಿದ್ದರು, ಯಕ್ಷಗಾನದ ಹಳೆಯ ತಾಳೆಗರಿಗಳನ್ನು ಹುಡುಕುತ್ತ ಊರೂರು ಅಲೆಯುತ್ತಿದ್ದರು. ಮರಾಠಿ ಮಾಧ್ಯಮದಲ್ಲಿ ಓದಿ ಬೆಳೆದ ಲೀಲಾ ಅವರು ಕನ್ನಡವನ್ನು ಮತ್ತೆ ಕಲಿತು, ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಯನ್ನು ಕನ್ನಡಕ್ಕೆ ತಂದರು. ಬೆಳೆದ ಮೇಲೆ ಒಂದು ಭಾಷೆಯನ್ನು ಹೊಸದಾಗಿ ಕಲಿಯುವ ತಾಯಿಯನ್ನು ದಿನವೂ ನೋಡುವ ಮಗುವಿಗೆ ಕಲಿಕೆಯೆಂದರೆ ಶಿಕ್ಷೆಯಲ್ಲ, ಬದುಕು ಎಂದು ಯಾರೂ ಉಪದೇಶಿಸಬೇಕಾಗಿಲ್ಲ.

ಎರಡನೆಯದಾಗಿ, ಅಲ್ಲಿ ಪುಸ್ತಕಗಳಿದ್ದವು. ಅವು ಮಗುವಿನ ಭಾಷೆಯಲ್ಲಿದ್ದವು. ಕನ್ನಡದಲ್ಲಿ ಮಕ್ಕಳಿಗೆ ಲೋಕಜ್ಞಾನದ ಪುಸ್ತಕಗಳಿಲ್ಲವೆಂದು ಗೊಣಗಿ ಸುಮ್ಮನಾಗುವ ಬದಲು ಕಾರಂತರು 1930ರ ದಶಕದಲ್ಲಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ತಾವೇ ಬರೆದರು. ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಕೊಟ್ಟರು. ಈ ಪುಸ್ತಕಗಳು ತಮ್ಮ ಮನೆಯ ಮಕ್ಕಳಿಗಷ್ಟೇ ಮೀಸಲಾಗಿರಲಿಲ್ಲ. ಕನ್ನಡದ ಎಲ್ಲ ಮಕ್ಕಳಿಗೂ ಸೇರಿದ್ದವು. ಮನೆಶಿಕ್ಷಣದ ಈಗಿನ ಉತ್ಸಾಹಿಗಳು ನೆನಪಿಡಬೇಕಾದ ಮಾತಿದು. ಕಾರಂತರು ತಮ್ಮ ಮನೆಯ ಬೇಲಿಯೊಳಗೆ ಒಂದು ಪುಟ್ಟ ಸ್ವರ್ಗ ಕಟ್ಟಿಕೊಂಡು ಊರಿಗೆ ಬೆನ್ನು ಹಾಕಿದವರಲ್ಲ.

ಮೂರನೆಯದಾಗಿ, ಬಾಗಿಲು ದಾಟಿದರೆ ಸಾಕು, ಗುಡ್ಡ, ಮರ, ಹಕ್ಕಿ, ತೊರೆಗಳಿದ್ದವು. ಅವುಗಳನ್ನು ನೋಡುತ್ತ ನಿಲ್ಲಲು ಮಗುವಿಗೆ ಬಿಡುವಿತ್ತು. ಗಂಟೆ ಬಾರಿಸಿತೆಂದು ಹಕ್ಕಿಯನ್ನು ಬಿಟ್ಟು ಗಣಿತಕ್ಕೆ ಓಡಬೇಕಾಗಿರಲಿಲ್ಲ.

ನಾಲ್ಕನೆಯದೊಂದಿದೆ, ಅದನ್ನು ಎಲ್ಲರೂ ಮರೆಯುತ್ತಾರೆ. ಆ ಮಕ್ಕಳು ಬಯಸಿದಾಗ ಶಾಲೆಯ ಬಾಗಿಲು ತೆರೆದಿತ್ತು. ಅವರು ಮುಂದೆ ಶಾಲೆ ಸೇರಿದರು, ಕಾಲೇಜು ಸೇರಿದರು, ಪದವಿ ಪಡೆದರು. ಮನೆಯಿಂದ ಶಾಲೆಗೆ ಹೋಗುವ ದಾರಿ ಕಡಿದುಹೋಗಿರಲಿಲ್ಲ. ಸಾರ್ವಜನಿಕ ಶಾಲೆ ಎಂಬುದೊಂದು ಇದ್ದುದರಿಂದಲೇ ಮನೆಯ ಪ್ರಯೋಗ ಅಪಾಯವಾಗದೆ ಪ್ರಯೋಗವಾಗಿ ಉಳಿಯಿತು.

ಬರವಣಿಗೆ ಮತ್ತು ಪ್ರಕಾಶನದ ಆದಾಯವನ್ನೇ ಬಹುಮಟ್ಟಿಗೆ ನೆಚ್ಚಿದ್ದ ಆ ಸಂಸಾರ ಸಿರಿವಂತವಾಗಿರಲಿಲ್ಲ, ನಿಜ. ಆದರೆ ಹಣವಿಲ್ಲದ ಮನೆಗೂ ಅಕ್ಷರವಿಲ್ಲದ ಮನೆಗೂ ಅಜಗಜಾಂತರವಿದೆ. ಕಾರಂತರ ಮನೆಯಲ್ಲಿ ಅಕ್ಷರದ ಆಸ್ತಿ ತುಂಬಿ ತುಳುಕುತ್ತಿತ್ತು. ಆ ಆಸ್ತಿಯನ್ನು ಲೆಕ್ಕಕ್ಕೆ ಹಿಡಿಯದೆ ಫಲವನ್ನು ಮಾತ್ರ ಹೊಗಳುವುದು, ನೀರಾವರಿಯ ತೋಟದ ಫಸಲನ್ನು ತೋರಿಸಿ ಮಳೆಯನ್ನೇ ನಂಬಿದ ರೈತನನ್ನು ಹೀಯಾಳಿಸಿದಂತೆ.

ಇನ್ನೊಂದು ಮನೆಯ ಅಳಲು

ಮನೆಶಿಕ್ಷಣದ ಚರಿತ್ರೆಯಲ್ಲಿ ಎಲ್ಲ ಮನೆಗಳೂ ಬಾಲವನಗಳಲ್ಲ. ಕಾರಂತರಿಗೆ ಕಾಲೇಜು ಬಿಡುವ ಪ್ರೇರಣೆಯಿತ್ತ ಗಾಂಧೀಜಿಯ ಮನೆಯೇ ಇದಕ್ಕೆ ನಿದರ್ಶನ. 1897ರಲ್ಲಿ ಕುಟುಂಬದೊಂದಿಗೆ ದಕ್ಷಿಣ ಆಫ್ರಿಕಕ್ಕೆ ಮರಳಿದಾಗ ಗಾಂಧೀಜಿಯ ಮುಂದೆ ಮಕ್ಕಳ ಓದಿನ ಪ್ರಶ್ನೆ ಎದ್ದಿತು. ಬಿಳಿಯರ ಶಾಲೆಯಲ್ಲಿ ತಮ್ಮ ಮಕ್ಕಳಿಗೆ ಮಾತ್ರ ವಿಶೇಷ ರಿಯಾಯಿತಿಯ ಪ್ರವೇಶ ಸಿಗಬಹುದಿತ್ತು. ಇತರ ಭಾರತೀಯ ಮಕ್ಕಳಿಗಿಲ್ಲದ ಸೌಲಭ್ಯ ತಮ್ಮವರಿಗೂ ಬೇಡವೆಂದು ಅವರು ನಿರಾಕರಿಸಿದರು. ನಿರ್ಧಾರದ ಹಿಂದಿನ ನ್ಯಾಯಬುದ್ಧಿ ದೊಡ್ಡದು. ಆದರೆ ಮನೆಯಲ್ಲಿ ಕಲಿಸಲು ಬೇಕಾದ ಹೊತ್ತು ಆ ತಂದೆಯ ಬಳಿ ಇರಲಿಲ್ಲ. ಪಾಠ ಬಿಟ್ಟುಬಿಟ್ಟು ನಡೆಯಿತು. ತಾವು ಬಯಸಿದಷ್ಟು ಗಮನ ಕೊಡಲಾಗಲಿಲ್ಲವೆಂದೂ, ಆ ಬಗ್ಗೆ ಮಕ್ಕಳಿಗೆ ಅಸಮಾಧಾನವಿದೆಯೆಂದೂ ಗಾಂಧೀಜಿಯೇ ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಹಿರಿಯ ಮಗ ಹರಿಲಾಲರಿಗಂತೂ ಕ್ರಮಬದ್ಧ ವಿದ್ಯಾಭ್ಯಾಸ ದಕ್ಕಲಿಲ್ಲವೆಂಬ ಕೊರಗು ಬದುಕಿನುದ್ದಕ್ಕೂ ಹೋಗಲಿಲ್ಲ; 1911ರಲ್ಲಿ ಅವರು ತಂದೆಯ ಮನೆಯಿಂದ ದೂರವಾದರು. ಅದೇ ಮನೆಯಲ್ಲಿ ಬೆಳೆದ ಮಣಿಲಾಲರು ದಕ್ಷಿಣ ಆಫ್ರಿಕದಲ್ಲಿಯೇ ಉಳಿದು, 1956ರಲ್ಲಿ ತೀರಿಕೊಳ್ಳುವವರೆಗೂ ‘ಇಂಡಿಯನ್ ಒಪೀನಿಯನ್’ ಪತ್ರಿಕೆಯ ಹೊಣೆ ಹೊತ್ತರು.

ಒಂದೇ ಮನೆ, ಒಬ್ಬನೇ ತಂದೆ, ಒಂದೇ ಆದರ್ಶ. ಆದರೂ ಒಬ್ಬ ಮಗನಿಗೆ ಅದು ಹಾದಿಯಾಯಿತು, ಇನ್ನೊಬ್ಬನಿಗೆ ಗಾಯವಾಯಿತು. ಗಾಂಧೀಜಿಯೂ ಈ ಪ್ರಶ್ನೆಯನ್ನು ಮನೆಯೊಳಗೇ ಬಿಟ್ಟು ಕೈತೊಳೆದುಕೊಳ್ಳಲಿಲ್ಲ. 1910ರಲ್ಲಿ ಆರಂಭವಾದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಹಲವು ಮನೆಗಳ ಮಕ್ಕಳು ಒಟ್ಟಿಗೆ ದುಡಿದು ಕಲಿತರು. 1937ರಲ್ಲಿ ವಾರ್ಧಾದಲ್ಲಿ ಅವರು ದೇಶದ ಮುಂದಿಟ್ಟ ನಯೀ ತಾಲೀಮ್ ಯೋಜನೆ ಮನೆಶಿಕ್ಷಣದ ಯೋಜನೆಯಲ್ಲ. ಕೈಕಸುಬನ್ನು ನಡುವೆ ಇಟ್ಟುಕೊಂಡ, ತಾಯ್ನುಡಿಯಲ್ಲಿ ಕಲಿಸುವ ಹಳ್ಳಿ ಶಾಲೆಯ ಯೋಜನೆ. ಮನೆಯ ಪ್ರಯೋಗದಿಂದ ಅವರು ಕಲಿತ ಪಾಠ ಊರಿನ ಶಾಲೆಯ ಕಡೆಗೇ ಕೈ ತೋರಿತು.

ಬೋರ್ಡೋ ದ್ರಾವಣದ ಪಾಠ

ಮಲೆನಾಡಿನ ಮನೆಗಳಲ್ಲಿ ಕಲಿಸುವಂಥದ್ದೇನಿದೆ ಎಂದು ಕೇಳುವವರುಂಟು. ಪೇಟೆಯವರಿಗಿಂತ ಹೆಚ್ಚಾಗಿ ಮಲೆನಾಡಿನವರೇ ಹೀಗೆ ಕೇಳುತ್ತಾರೆ ಎಂಬುದು ದುಃಖದ ಸಂಗತಿ. ಮಳೆಗಾಲದ ಆರಂಭದಲ್ಲಿ ಅಡಿಕೆ ತೋಟದ ಅಂಚಿನಲ್ಲಿ ಏನು ನಡೆಯುತ್ತದೆಂಬುದನ್ನು ಇವರು ಒಮ್ಮೆ ಗಮನಿಸಲಿ.

ಕೊಳೆರೋಗ ತಡೆಯಲು ಶೇಕಡಾ 1ರ ಬೋರ್ಡೋ ದ್ರಾವಣ ಬೇಕು. 1 ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿಯೂ, 1 ಕಿಲೋ ಸುಣ್ಣವನ್ನು ಬೇರೆ 50 ಲೀಟರ್ ನೀರಿನಲ್ಲಿಯೂ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕು. ಹದ ಸರಿಯಾಗಿದೆಯೇ ಎಂದು ತಿಳಿಯಲು ಉಜ್ಜಿ ತೊಳೆದ ಕಬ್ಬಿಣದ ಚೂರಿಯನ್ನು ಅದ್ದಿ ನೋಡಬೇಕು. ಚೂರಿಗೆ ಕೆಂಬಣ್ಣ ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಬೆರೆಸಬೇಕು. ಅಕ್ಷರ ಬಾರದ ಕೆಲಸಗಾರನಿಗೂ ಈ ಪರೀಕ್ಷೆ ಗೊತ್ತು.

ಅದೇ ಮನೆಯ ಮಗು ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಟ್ಟರೆ ಏನಾಗುತ್ತದೆಂಬ ಪಾಠ ಓದುತ್ತದೆ. ಸ್ಥಾನಪಲ್ಲಟ ಕ್ರಿಯೆ ಎಂಬ ಹೆಸರನ್ನು ಬಾಯಿಪಾಠ ಮಾಡುತ್ತದೆ, ಅಂಕವನ್ನೂ ಪಡೆಯುತ್ತದೆ. ತಾಮ್ರದ ಸಲ್ಫೇಟ್ ಎಂದರೆ ಅಪ್ಪ ಪೇಟೆಯಿಂದ ತರುವ ಮೈಲುತುತ್ತು ಎಂದಾಗಲಿ, ಪುಸ್ತಕದ ಮೊಳೆಯೂ ತೋಟದ ಚೂರಿಯೂ ಒಂದೇ ಸತ್ಯವನ್ನು ಹೇಳುತ್ತವೆ ಎಂದಾಗಲಿ ಅದಕ್ಕೆ ಯಾರೂ ಹೇಳುವುದಿಲ್ಲ. ಶಾಲೆಗೆ ತೋಟದ ಅರಿವಿಲ್ಲ, ತೋಟಕ್ಕೆ ಶಾಲೆಯ ಹೆಸರು ಗೊತ್ತಿಲ್ಲ. ಇವೆರಡರ ನಡುವೆ ಹಬ್ಬಿದ ಮೌನದಲ್ಲಿಯೇ ಮಲೆನಾಡಿನ ಮಗು "ನನ್ನ ಮನೆಯಲ್ಲಿ ವಿದ್ಯೆಯಿಲ್ಲ" ಎಂದು ನಂಬಿ ಬೆಳೆಯುತ್ತದೆ.

ಕೊಳೆರೋಗದ ವೈಜ್ಞಾನಿಕ ಅಧ್ಯಯನ ನಡೆದದ್ದೂ ಮಲೆನಾಡಿನ ತೋಟಗಳಲ್ಲಿಯೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ತೋಟಗಳಿಗೆ ಹೋಗಿ ರೋಗವನ್ನು ಅಭ್ಯಸಿಸಿ, ಬೋರ್ಡೋ ಸಿಂಪಡಣೆಯನ್ನು ರೂಢಿಗೆ ತಂದರು. ದೂರದೇಶದ ವಿಜ್ಞಾನಿಗೆ ಪಾಠಶಾಲೆಯಾದ ತೋಟ, ಆ ತೋಟದಲ್ಲಿಯೇ ಹುಟ್ಟಿದ ಮಗುವಿಗೆ ಮಾತ್ರ ಬಿಟ್ಟೋಡಬೇಕಾದ ಜಾಗವಾಗಿರುವುದು ಎಂತಹ ವಿಪರ್ಯಾಸ!

ಸೊಪ್ಪಿನಬೆಟ್ಟದಲ್ಲಿ ಯಾವ ಮರದ ಸೊಪ್ಪನ್ನು ಎಷ್ಟು ಕಡಿದರೆ ಮರ ಉಳಿಯುತ್ತದೆ, ಯಾವ ಗಿಡದ ಚಿಗುರು ತಂಬುಳಿಗೆ ಬರುತ್ತದೆ, ಮುಂಗಾರಿನ ಮೊದಲ ನೆರೆಗೆ ಯಾವ ಮೀನು ಗದ್ದೆಗೆ ಏರುತ್ತದೆ, ಯಾವ ಕಾನಿನಿಂದ ಬರುವ ನೀರು ಬೇಸಿಗೆಯಲ್ಲಿಯೂ ಬತ್ತದು ಇವೆಲ್ಲ ಶಾಸ್ತ್ರಗಳೇ. ಕಾಡಿನ ಈ ಲೆಕ್ಕ ಗೊತ್ತಿದ್ದವನಿಗೆ ಮಾತ್ರ ಕಾಡು ಹೋದಾಗ ಏನು ಹೋಯಿತೆಂದು ತಿಳಿಯುತ್ತದೆ. ಕೈಗಾ ಅಣುಸ್ಥಾವರವನ್ನು ವಿರೋಧಿಸಿ, ಎಂಬತ್ತೇಳರ ವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ನಿಂತು ಸೋತ ಕಾರಂತರ ಹೋರಾಟದ ಬೇರು ಇಂತಹ ಅರಿವಿನಲ್ಲಿತ್ತು. ತನ್ನ ಊರಿನ ಹೊಳೆಯ ಹೆಸರು ತಿಳಿಯದ ಪೀಳಿಗೆ ಆ ಹೊಳೆಗೆ ಅಣೆಕಟ್ಟು ಬಂದಾಗ, ಅದರ ನೀರನ್ನು ಬೇರೆಡೆಗೆ ತಿರುಗಿಸುವ ನಕ್ಷೆ ಸಿದ್ಧವಾದಾಗ, ಯಾವ ಭಾಷೆಯಲ್ಲಿ ಪ್ರಶ್ನೆ ಕೇಳೀತು?

ಆಯ್ಕೆಯೇ ಬೇರೆ, ಅನಿವಾರ್ಯತೆಯೇ ಬೇರೆ

ಹಾಗಿದ್ದರೆ ಎಲ್ಲ ಮಕ್ಕಳೂ ಮನೆಯಲ್ಲಿಯೇ ಕಲಿಯಲಿ, ಶಾಲೆ ಮುಚ್ಚಿದರೂ ಚಿಂತೆಯಿಲ್ಲ ಎಂದು ಯಾರಾದರೂ ಹೇಳಬಹುದು. ಹೇಳುವವರೂ ಇದ್ದಾರೆ. ಇದಕ್ಕಿಂತ ಅಪಾಯಕಾರಿಯಾದ ವಾದ ಇನ್ನೊಂದಿಲ್ಲ.

ತೋಟದ ಕೂಲಿಯ ಮನೆಯಲ್ಲಿ ಮಗು ಉಳಿದರೆ ಅದು ಮನೆಶಿಕ್ಷಣವಾಗುವುದಿಲ್ಲ. ಅಡಿಕೆ ಹೆಕ್ಕುವ ಕೆಲಸವಾಗುತ್ತದೆ, ದನ ಕಾಯುವ ಕೆಲಸವಾಗುತ್ತದೆ, ತಂಗಿಯನ್ನು ಎತ್ತಿಕೊಳ್ಳುವ ಕೆಲಸವಾಗುತ್ತದೆ. ಹೆಣ್ಣುಮಗುವಾದರೆ ಕಲಿಕೆಯ ಕಥೆ ಅಲ್ಲಿಗೇ ಮುಗಿದು ಮದುವೆಯ ಮಾತು ಬೇಗ ಆರಂಭವಾಗುತ್ತದೆ. ದಲಿತರ, ಕುಣಬಿಗಳ, ಗೌಳಿಗರ, ಹಸಲರ, ಮಲೆಕುಡಿಯರ ಮಕ್ಕಳಿಗೆ ಸರ್ಕಾರಿ ಶಾಲೆ ಎಂಬುದು ಕೇವಲ ಪಾಠದ ಜಾಗವಲ್ಲ. ಒಡೆಯನ ಮಗ ಮತ್ತು ಆಳಿನ ಮಗ ಒಂದೇ ಸಾಲಿನಲ್ಲಿ ಕುಳಿತು ಉಣ್ಣಬಹುದಾದ ಜಾಗ ಊರಿನಲ್ಲಿ ಅದೊಂದೇ. ಮನೆಗಳು ಜಾತಿಗಳ ಒಳಗಿವೆ. ಶಾಲೆ ಮಾತ್ರ ಅದರಾಚೆಗೆ ಒಂದು ಹೆಜ್ಜೆ ಇಡಬಲ್ಲದು. ಕಾರಂತರ ಮನೆ ಜಾತಿಯನ್ನು ಮೀರಿತ್ತು. ಊರಿನ ಎಲ್ಲ ಮನೆಗಳೂ ಮೀರಿವೆಯೆಂದು ಎದೆಮುಟ್ಟಿ ಹೇಳಬಲ್ಲವರು ಯಾರು?

ಮನೆಯಲ್ಲಿ ಕಲಿಸುವ ಹೊಣೆ ಯಾರ ಮೇಲೆ ಬೀಳುತ್ತದೆಂಬ ಪ್ರಶ್ನೆಯೂ ಇದೆ. ಸೊಪ್ಪು ಹೊರುವುದು, ಕೊಟ್ಟಿಗೆ ಗುಡಿಸುವುದು, ಹಾಲು ಕರೆಯುವುದು, ಅಡುಗೆ, ಅಡಿಕೆ ಸುಲಿಯುವುದು ಇಷ್ಟರ ಮೇಲೆ ಪಾಠವನ್ನೂ ತಾಯಿಯ ಹೆಗಲಿಗೇರಿಸಿ, ಅದಕ್ಕೆ ಸಂಸ್ಕಾರವೆಂಬ ಹೆಸರಿಡುವುದು ಸುಲಭ. ತಂದೆಯ ತತ್ತ್ವ, ತಾಯಿಯ ದುಡಿಮೆ ಎಂಬ ಹಂಚಿಕೆಯನ್ನು ಪ್ರಶ್ನಿಸದ ಮನೆಶಿಕ್ಷಣ ಸ್ವಾತಂತ್ರ್ಯದ ಮಾತಾಡಲು ಅರ್ಹವಲ್ಲ.

ಕಾನೂನಿನ ಸ್ಥಿತಿಯನ್ನೂ ತಿಳಿಯಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ಹತ್ತಿರದ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕನ್ನು ಅದು ಕೊಟ್ಟಿದೆ. ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆಂದು ಅದರ 10ನೆಯ ಪ್ರಕರಣ ಹೇಳುತ್ತದೆ. ಸೇರಿಸದ ಪೋಷಕರಿಗೆ ದಂಡವನ್ನು ವಿಧಿಸಿಲ್ಲ. ಮನೆಶಿಕ್ಷಣದ ಹೆಸರನ್ನೇ ಎತ್ತದ ಈ ಕಾಯ್ದೆಯ ಮೌನದೊಳಗೆ, ಮುಕ್ತ ಶಾಲೆಯ ಪರೀಕ್ಷೆಗಳನ್ನು ನೆಚ್ಚಿಕೊಂಡು, ಅನುಕೂಲವಿದ್ದ ಕುಟುಂಬಗಳು ತಮ್ಮ ದಾರಿ ಕಂಡುಕೊಂಡಿವೆ. ಅವರ ಆಯ್ಕೆಯನ್ನು ಕಸಿಯಬೇಕೆಂದು ಯಾರೂ ಕೇಳಬೇಕಿಲ್ಲ. ಆದರೆ ಆಯ್ಕೆ ಎಂಬ ಮಾತಿಗೆ ಅರ್ಥ ಬರಬೇಕಾದರೆ ಎರಡು ದಾರಿಗಳು ಇರಬೇಕು. ಶಾಲೆಯೇ ಇಲ್ಲದ ಊರಿನಲ್ಲಿ ಮನೆಯಲ್ಲಿ ಉಳಿದ ಮಗು ಏನನ್ನೂ ಆಯ್ದುಕೊಂಡಿಲ್ಲ. ಅದರ ಹಕ್ಕನ್ನು ಬೇರೆಯವರು ಕಿತ್ತುಕೊಂಡಿದ್ದಾರೆ.

ಸಂಖ್ಯೆಯ ನೆಪ

ಶಾಲೆ ಮುಚ್ಚುವವರು ಆ ಮಾತನ್ನು ಬಳಸುವುದಿಲ್ಲ; ವಿಲೀನ ಎನ್ನುತ್ತಾರೆ. ಹತ್ತು ಮಕ್ಕಳಿಗೆ ಒಬ್ಬ ಶಿಕ್ಷಕರು ದಂಡವೆಂದೂ, ಹಲವು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿದರೆ ಕಲಿಕೆ ನಡೆಯದೆಂದೂ ಲೆಕ್ಕ ತೋರಿಸುತ್ತಾರೆ. ಇದೇ ಜನ, ಒಂದೇ ಮನೆಯಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಕಲಿತ ಬಾಲವನದ ಕಥೆಯನ್ನು ಶಿಕ್ಷಕರ ದಿನಾಚರಣೆಯಂದು ಭಾಷಣದಲ್ಲಿ ಕೊಂಡಾಡುತ್ತಾರೆ!

ವಯಸ್ಸು ಬೆರೆತ ಸಣ್ಣ ಗುಂಪಿನಲ್ಲಿ ಕಲಿಕೆ ಸಾಧ್ಯವೆಂಬುದಕ್ಕೆ ಕರ್ನಾಟಕದ ಸರ್ಕಾರಿ ಶಾಲೆಗಳೇ ಸಾಕ್ಷಿ. 1995ರಲ್ಲಿ ನಾಗರಹೊಳೆಯ ಕಾಡಂಚಿನ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು ‘ನಲಿ-ಕಲಿ’ಯನ್ನು ಆರಂಭಿಸಿದರು. ಮಗು ತನ್ನ ವೇಗದಲ್ಲಿ, ಕಾರ್ಡುಗಳ ಮೂಲಕ, ಗುಂಪಿನಲ್ಲಿ, ದೊಡ್ಡವರಿಂದ ಚಿಕ್ಕವರು ಕಲಿಯುವ ಕ್ರಮವದು. ಮುಂದೆ ಸರ್ಕಾರವೇ ಅದನ್ನು ರಾಜ್ಯದ ಶಾಲೆಗಳಿಗೆ ವಿಸ್ತರಿಸಿತು. ಸಣ್ಣ ಶಾಲೆಯನ್ನು ಒಳ್ಳೆಯ ಶಾಲೆಯಾಗಿಸುವ ವಿದ್ಯೆ ಗೊತ್ತಿದ್ದೂ ಸಣ್ಣದೆಂಬ ಕಾರಣಕ್ಕೆ ಮುಚ್ಚುವುದು ಅಜ್ಞಾನವಲ್ಲ, ಅನಾದರ.

ಗುಡ್ಡಗಾಡಿನಲ್ಲಿ ದೂರವನ್ನು ಅಳೆಯುವ ಬಗೆಯೂ ಬೇರೆ. ಶಿಕ್ಷಣ ಹಕ್ಕು ಕಾಯ್ದೆಯ 2010ರ ಕೇಂದ್ರ ನಿಯಮಗಳು 1ರಿಂದ 5ನೆಯ ತರಗತಿಯ ಮಕ್ಕಳಿಗೆ 1 ಕಿಲೋಮೀಟರ್ ನಡಿಗೆಯೊಳಗೆ ಶಾಲೆ ಇರಬೇಕೆನ್ನುತ್ತವೆ. ಅಷ್ಟೇ ಅಲ್ಲ, ದುರ್ಗಮ ನೆಲ, ಭೂಕುಸಿತ, ನೆರೆ, ರಸ್ತೆಯಿಲ್ಲದಿರುವಿಕೆ ಇವುಗಳಿಂದ ಮಕ್ಕಳಿಗೆ ಅಪಾಯವಿರುವಲ್ಲಿ ಈ ಮಿತಿಯನ್ನು ಇನ್ನೂ ಕಡಿಮೆ ಮಾಡಿ, ಅಪಾಯ ತಪ್ಪುವಂತೆ ಶಾಲೆ ಕೊಡಬೇಕೆಂದೂ ಅವುಗಳಲ್ಲಿದೆ. ಸಹ್ಯಾದ್ರಿಯ ಹಳ್ಳಿಯನ್ನು ಕಣ್ಣಮುಂದೆ ಇಟ್ಟುಕೊಂಡೇ ಬರೆದಂತಿರುವ ನಿಯಮವಿದು. ನಕ್ಷೆಯಲ್ಲಿ 2 ಕಿಲೋಮೀಟರ್ ಇರುವ ಶಾಲೆ ಆಷಾಢದಲ್ಲಿ ತುಂಬಿದ ಹಳ್ಳದ ಆಚೆಗಿರುತ್ತದೆ. ನಡುವೆ ಇರುವುದು ಅಡಿಕೆ ಮರದ ಕಾಲುಸಂಕ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ವಿಲೀನದ ಕಡತಕ್ಕೆ ಸಹಿ ಹಾಕುವವರು ಮಳೆಗಾಲದಲ್ಲಿ ಒಮ್ಮೆ ಆ ಸಂಕಗಳನ್ನು ದಾಟಿ ಬರಲಿ.

ಊರಿನ ಶಾಲೆ ಮುಚ್ಚಿದ ಮೇಲೆ ಅನುಕೂಲವಿದ್ದವರ ಮಗು ಹಳದಿ ವ್ಯಾನು ಹತ್ತುತ್ತದೆ. ಬೆಳಗಿನ ಕತ್ತಲಲ್ಲಿ ಹೊರಟು ಸಂಜೆಯ ಕತ್ತಲಲ್ಲಿ ಮರಳುವ ಮಗುವಿಗೆ ತನ್ನ ಊರು ರಾತ್ರಿ ಮಲಗುವ ಜಾಗ ಮಾತ್ರ. ಕೆಲವು ವರ್ಷಗಳಲ್ಲಿ ವಸತಿನಿಲಯ, ಆಮೇಲೆ ಬೆಂಗಳೂರು. 1943ರ ‘ಬೆಟ್ಟದ ಜೀವ’ದಲ್ಲಿ ಕಾರಂತರು ಚಿತ್ರಿಸಿದ್ದು ಮನೆ ಬಿಟ್ಟುಹೋದ ಮಗನ ದಾರಿ ಕಾಯುವ ಬೆಟ್ಟದ ವೃದ್ಧ ದಂಪತಿಯನ್ನು. ಅಂದು ಒಂದು ಮನೆಯ ಕಥೆಯಾಗಿದ್ದುದು ಇಂದು ಇಡೀ ಮಲೆನಾಡಿನ ಕಥೆಯಾಗಿದೆ. ಮುದುಕರಷ್ಟೇ ಉಳಿದ ಊರುಗಳ ಬೆಟ್ಟ, ಗದ್ದೆ, ಕಾನುಗಳನ್ನು ಕೊಳ್ಳಲು ರೆಸಾರ್ಟಿನವರು ಬಂದಾಗ ಬೇಡವೆನ್ನಲು ಯಾರು ಉಳಿದಿರುತ್ತಾರೆ? ಶಾಲೆಗೆ ಬೀಗ ಬಿದ್ದ ಊರಿನ ಕಾಡಿಗೆ ಕಾವಲಿರುವುದಿಲ್ಲ.

ಮಾಡಬೇಕಾದ್ದು

ಬಾಲವನದ ಪಾಠವನ್ನು ಹಳ್ಳಿಗೆ ತರಲು ಕಾರಂತರಂತಹ ತಂದೆ ಪ್ರತಿ ಮನೆಯಲ್ಲೂ ಹುಟ್ಟಬೇಕಿಲ್ಲ. ಆ ಮನೆಯಲ್ಲಿದ್ದ ಕಲಿಯುವ ಹಿರಿಯರು, ತಾಯ್ನುಡಿಯ ಪುಸ್ತಕ, ನೋಡಲು ಬಿಡುವಿರುವ ಪರಿಸರ ಈ ಮೂರನ್ನೂ ಊರಿನ ಶಾಲೆಗೆ ಒದಗಿಸುವುದು ಊರಿನ ಕೈಯಲ್ಲಿಯೇ ಇದೆ.

ಕಾಯ್ದೆಯ 21ನೆಯ ಪ್ರಕರಣದಂತೆ ಶಾಲಾ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಯ ಅಭಿವೃದ್ಧಿ ಯೋಜನೆ ಸಿದ್ಧಪಡಿಸುವ ಅಧಿಕಾರ ಈ ಸಮಿತಿಗಿದೆ. ಧ್ವಜಾರೋಹಣದ ದಿನ ಸಿಹಿ ಹಂಚುವುದಷ್ಟೇ ತನ್ನ ಕೆಲಸವೆಂದು ಸಮಿತಿ ತಿಳಿಯಬಾರದು. ವಾರಕ್ಕೊಂದು ಮಧ್ಯಾಹ್ನ ಊರಿನ ಕೊನೆಗೌಡ, ನಾಟಿವೈದ್ಯೆ, ಜೇನು ತೆಗೆಯುವವರು, ಚಾಪೆ ನೇಯುವವರು ಶಾಲೆಗೆ ಬಂದು ಕಲಿಸಲಿ. ಮಕ್ಕಳು ಬೋರ್ಡೋ ದ್ರಾವಣದ ಚೂರಿಯನ್ನು ತರಗತಿಗೆ ತರಲಿ. ಶಿಕ್ಷಕರು ಅದಕ್ಕೆ ಪುಸ್ತಕದ ಹೆಸರನ್ನು ಕೊಡಲಿ. ಜ್ಞಾನವನ್ನು ಶಾಲೆಯ ಹೊರಗಿನ ಬದುಕಿನೊಂದಿಗೆ ಬೆಸೆಯಬೇಕೆಂಬುದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮೊದಲ ಸೂತ್ರವೇ ಆಗಿತ್ತು. ಚಟುವಟಿಕೆ, ಶೋಧನೆಗಳ ಮೂಲಕ, ಸಾಧ್ಯವಾದಷ್ಟೂ ತಾಯ್ನುಡಿಯಲ್ಲಿ ಕಲಿಸಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಪ್ರಕರಣವೂ ಹೇಳುತ್ತದೆ. ಕೇಳುವುದು ಕ್ರಾಂತಿಯನ್ನಲ್ಲ, ಕಾನೂನಿನ ಪಾಲನೆಯನ್ನು.

ಮಲೆನಾಡಿನಲ್ಲಿ ನೆಲೆಸಿ ತಮ್ಮ ಮಕ್ಕಳಿಗೆ ಮನೆಯಲ್ಲಿಯೇ ಕಲಿಸುವ ಕುಟುಂಬಗಳಿಗೂ ಒಂದು ಕೆಲಸವಿದೆ. ತಮ್ಮ ಕಪಾಟಿನ ಪುಸ್ತಕಗಳನ್ನು, ತಮ್ಮ ಬಿಡುವಿನ ಹೊತ್ತನ್ನು, ತಮ್ಮ ಇಂಗ್ಲಿಷನ್ನು ಊರಿನ ಶಾಲೆಯ ಮಕ್ಕಳೊಂದಿಗೆ ಹಂಚಿಕೊಳ್ಳಲಿ. ತಮ್ಮ ಮಕ್ಕಳನ್ನೂ ಆ ಅಂಗಳಕ್ಕೆ ಆಡಲು ಕಳುಹಿಸಲಿ. ಬೇಲಿಯೊಳಗಿನ ಬಾಲವನ ಬಾಲವನವಲ್ಲ. ಕಾಲೇಜಿನಲ್ಲಿ ಓದುತ್ತಿರುವ ಮಲೆನಾಡಿನ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಬಂದಾಗ, ತಾವು ಅಕ್ಷರ ಕಲಿತ ಶಾಲೆ ತೆರೆದಿದೆಯೇ, ಅದರಲ್ಲಿ ಶಿಕ್ಷಕರಿದ್ದಾರೆಯೇ, ಅಲ್ಲಿಗೆ ಹೋಗುವ ಸಂಕ ಭದ್ರವಾಗಿದೆಯೇ ಎಂದು ವಿಚಾರಿಸಲಿ. ಇಲ್ಲವಾದರೆ ದೂರದ ಅಳತೆ, ಹಳ್ಳ, ಸಂಕ, ಮಕ್ಕಳ ಸಂಖ್ಯೆ ಇವನ್ನೆಲ್ಲ ಬರೆದು ಗ್ರಾಮಸಭೆಯ ಮುಂದಿಡಲಿ. ಶಾಲೆ ಮುಚ್ಚಬಾರದೆಂಬ ಠರಾವು ಮಾಡಿಸಿ, ಅದರ ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಟ್ಟು ಹಿಂಬರಹ ಪಡೆಯಲಿ.

ಮನೆ ಮಗುವಿನ ಮೊದಲ ಶಾಲೆ ಎಂಬ ಮಾತನ್ನು ಎಲ್ಲರೂ ಒಪ್ಪುತ್ತಾರೆ. ಅದೇ ಕೊನೆಯ ಶಾಲೆಯೂ ಆಗಲಿ ಎಂದು ಬಡವರ ಮಕ್ಕಳಿಗೆ ಮಾತ್ರ ಹೇಳುವ ಅಧಿಕಾರ ಯಾರಿಗೂ ಇಲ್ಲ.